ಗಾಯ ಮಾಯ್ದ ಮೇಲೆ

ನನ್ನ ಎಡಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಮೊಣಕೈ ಹತ್ತಿರ ಸ್ವಲ್ಪ ಬಾಗಿಯೇ ಇರುತ್ತದೆ. ಕಲಬುರಗಿಯ ಸಿಟಿ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತಾಗ ಕುರ್ತಾದ ತೋಳು ಜಾರುತ್ತದೆ, ಮೊಣಕೈ ಮಡಿಕೆಯಿಂದ ಮುಂಗೈ ತನಕ ಹರಡಿದ ಸುಟ್ಟ ಕಲೆ ಕಾಣುತ್ತದೆ. ಯಾರಾದರೂ ವಯಸ್ಸಾದ ಹೆಂಗಸು ಕೇಳಿಯೇ ಬಿಡುತ್ತಾರೆ: "ಏನಾಗಿತ್ತವ್ವ ಇದು?" "ಸಣ್ಣಾಕಿದ್ದಾಗ ಸುಟ್ಟಿತ್ರಿ" ಅನ್ನುತ್ತೇನೆ. ಅವರು ಲೊಚಗುಟ್ಟುತ್ತಾರೆ. ಅಷ್ಟರಲ್ಲಿ ನಾನು ಇಳಿಯುವ ಜಾಗ ಬರುತ್ತದೆ.

ಸುಟ್ಟದ್ದು ಕಮಲಾಪುರದಲ್ಲಿ, ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ. ಆಗ ನನಗೆ 5 ವರ್ಷ. ಮರುದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಹಬ್ಬವಾದ್ದರಿಂದ ನಮ್ಮ ಸೀಮೆಯ ಮನೆಮನೆಯಲ್ಲೂ ಆ ರಾತ್ರಿ ದೊಡ್ಡ ಪಾತ್ರೆಗಳಲ್ಲಿ ಭಜ್ಜಿ ಕುದಿಯುತ್ತಿರುತ್ತದೆ. ಒಲೆಯಿಂದ ಇಳಿಸಿಟ್ಟ ಅಂಥದೊಂದು ಪಾತ್ರೆಗೆ ನಾನು ಎಡವಿ ಬಿದ್ದೆ. ಒಬ್ಬರು ಓಡಿಬಂದು ಟೂತ್‌ಪೇಸ್ಟ್ ಮೆತ್ತಿದರು, ಇನ್ನೊಬ್ಬರು ಮಸಿ ಸುರಿದರು. ನೀರು ಹಾಕಿದರೆ ಗುಳ್ಳೆ ಏಳುತ್ತವೆ ಎಂದು ಯಾರೂ ನೀರು ಮುಟ್ಟಿಸಲಿಲ್ಲ. ಆಮೇಲೆ ಜೀಪು ಹಿಡಿದು ಕಲಬುರಗಿಯ ಒಂದು ದವಾಖಾನೆಗೆ ಕರೆದೊಯ್ದರು. 20ಕ್ಕೂ ಹೆಚ್ಚು ದಿನ ಅಲ್ಲಿದ್ದೆ. ಕೊನೆಗೊಂದು ದಿನ "ಗಾಯ ಮಾಯ್ದದ, ಮನಿಗೆ ಕರ್ಕೊಂಡು ಹೋಗ್ರಿ" ಅಂದರು. ಮಾಯ್ದ ಮೇಲೆ ಏನಾಗುತ್ತದೆ ಎಂದು ಅವ್ವನಿಗೆ ಯಾರೂ ಹೇಳಲಿಲ್ಲ.

ನಾನೀಗ ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಹೈದರಾಬಾದ್ ಸಂಸ್ಥಾನದ ಕೊನೆಯ ದಶಕಗಳಲ್ಲಿ ಕಲಬುರಗಿ ಸೀಮೆಯ ಹಳ್ಳಿಗಳ ಜನ ಕಾಯಿಲೆ ಬಿದ್ದಾಗ ಏನು ಮಾಡುತ್ತಿದ್ದರು ಎಂಬುದು ನನ್ನ ವಿಷಯ. ಕಳೆದ ವರ್ಷ ಒಂದು ವಿಚಾರಗೋಷ್ಠಿಯಲ್ಲಿ, ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವ ಹೆಂಗಸರ ಬಗ್ಗೆ ಒಂದು ಅಧ್ಯಾಯ ಬರೆಯಬೇಕೆಂದಿದ್ದೇನೆ ಅಂದೆ. ಹಿರಿಯರೊಬ್ಬರು ಕೇಳಿದರು: "ದಾಖಲೆ ಏನದ ನಿಮ್ಮ ಹತ್ರ?" ಪ್ರಶ್ನೆ ಸರಿಯಾದದ್ದೇ. ನನ್ನ ಬಳಿ ಇದ್ದದ್ದು ಕೈ ಮೇಲಿನ ಕಲೆ ಮತ್ತು ಅದನ್ನು ಎರಡು ವರ್ಷ ತಿಕ್ಕಿದ ನಮ್ಮ ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಅವತ್ತು ಉತ್ತರ ಕೊಡಲಾಗಲಿಲ್ಲ. ಆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

* * *

ಸುಟ್ಟಗಾಯದ ಬಗ್ಗೆ ನಮ್ಮಲ್ಲಿ ಬಹಳ ಹಿಂದೆಯೇ ಕ್ರಮಬದ್ಧವಾಗಿ ಬರೆದವರು ಸುಶ್ರುತರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ಸುಡುವುದರ ನಾಲ್ಕು ಬಗೆಗಳಿವೆ. ಜಿಡ್ಡಿನ ಪದಾರ್ಥದಿಂದ ಆದ ಸುಟ್ಟಗಾಯ ಬೇಗ ಆಳಕ್ಕಿಳಿದು ಹೆಚ್ಚು ನೋಯುತ್ತದೆ ಎಂಬ ಮಾತೂ ಅಲ್ಲಿದೆ. ಎಣ್ಣೆ ಹಾಕಿ ಕುದಿಸಿದ್ದು ಮೈಮೇಲೆ ಬಿದ್ದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಈ ವಿವರಣೆ ಬರುವುದು ಅಗ್ನಿಕರ್ಮದ ಅಧ್ಯಾಯದಲ್ಲಿ. ಅಂದರೆ ಚಿಕಿತ್ಸೆಗಾಗಿ ಸುಡುವ ವಿಧಾನ ಹೇಳಿಕೊಡುವಾಗ, ಬೇರೆ ರೀತಿಯಲ್ಲಿ ಸುಟ್ಟರೆ ಏನಾಗುತ್ತದೆ ಎಂದು ಹೇಳುವ ಪ್ರಸಂಗದಲ್ಲಿ. ಯಾರಿಗೆ ಅಗ್ನಿಕರ್ಮ ಮಾಡಬಾರದು ಎಂಬ ಪಟ್ಟಿಯೂ ಅಲ್ಲೇ ಇದೆ. ದುರ್ಬಲರು, ವೃದ್ಧರು, ಅಂಜುವವರ ಜೊತೆಗೆ ಆ ಪಟ್ಟಿಯಲ್ಲಿ ಬಾಲಕರೂ ಇದ್ದಾರೆ. ಇದನ್ನು ಓದಿದ ದಿನ ನನಗೆ ಆಯಿಯ ಹೊಟ್ಟೆ ನೆನಪಾಯಿತು. ಅವಳ ಹೊಕ್ಕಳ ಸುತ್ತ ನಾಲ್ಕು ಬರೆಗಳಿವೆ. ಕೂಸಿದ್ದಾಗ ಹೊಟ್ಟೆ ಉಬ್ಬರಿಸಿತ್ತಂತೆ, ಕಾಯಿಸಿದ ಕಬ್ಬಿಣದಿಂದ ಚುಟಿಗೆ ಇಟ್ಟಿದ್ದರಂತೆ. ಕೂಸುಗಳಿಗೆ ಬರೆ ಹಾಕುವ ಸುದ್ದಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಈಗಲೂ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ನಮ್ಮ ಮಕ್ಕಳ ಮೈಮೇಲಿನ ಸುಟ್ಟ ಕಲೆಗಳೆಲ್ಲ ಅಪಘಾತದಿಂದ ಆದವಲ್ಲ.

ಗಾಯ ಮಾಯ್ದ ಮೇಲಿನ ಸ್ಥಿತಿಯನ್ನೂ ಸುಶ್ರುತರು ಮರೆತಿಲ್ಲ. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ವ್ರಣಕ್ಕೆ 60 ಉಪಕ್ರಮಗಳನ್ನು ಹೇಳುತ್ತಾರೆ. ಅವುಗಳಲ್ಲಿ ಗಟ್ಟಿಯಾದದ್ದನ್ನು ಮೃದು ಮಾಡುವುದಿದೆ, ಸರಿಯಾಗಿ ಮಾಯದೆ ಬೆಳ್ಳಗಾದ ಜಾಗವನ್ನು ಕಪ್ಪು ಮಾಡುವುದಿದೆ, ಹೋದ ಕೂದಲು ಬರಿಸುವುದಿದೆ. ಅಭ್ಯಂಗವೂ ಇದೆ. ವಿಮ್ಲಾಪನ ಎಂಬ ಇನ್ನೊಂದು ವಿಧಾನವಿದೆ: ಗಟ್ಟಿಯಾದ, ಹೆಚ್ಚು ನೋವಿಲ್ಲದ ಬಾವಿಗೆ ಎಣ್ಣೆ ಹಚ್ಚಿ, ಬೆವರಿಸಿ, ಬಿದಿರಿನ ನಳಿಗೆಯಿಂದಲೋ ಅಂಗೈಯಿಂದಲೋ ಹೆಬ್ಬೆರಳಿನಿಂದಲೋ ಮೆಲ್ಲಮೆಲ್ಲನೆ ತಿಕ್ಕುವುದು. ಇದನ್ನು ಹೇಳಿರುವುದು ಬಾವಿಗೆ, ಸುಟ್ಟ ಕಲೆಗಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಹೇಳುವ ಚಪಲ ನನಗಿಲ್ಲ. ಎಣ್ಣೆ, ಶಾಖ, ಹೆಬ್ಬೆರಳು ಈ ಮೂರೂ ಒಂದೇ ವಾಕ್ಯದಲ್ಲಿ ಸೇರಿರುವುದು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಆಯಿ ಮಾಡುತ್ತಿದ್ದದ್ದೂ ಅದೇ.

ಕಮಲಾಪುರದಿಂದ ಹುಮನಾಬಾದ್ ದಾಟಿ ಹೋದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಎಣ್ಣೆ ತಿಕ್ಕಿಸಿಕೊಂಡು ಸ್ನಾನ ಮಾಡುವುದು ಅರಸನ ಭೋಗಗಳಲ್ಲಿ ಒಂದು. 1347ರಲ್ಲಿ ಗುಲ್ಬರ್ಗವನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳ ಕಾಲದಿಂದ ನಿಜಾಮರ ಕಾಲದ ತನಕ ಯುನಾನಿ ವೈದ್ಯವೂ ಈ ಸೀಮೆಯಲ್ಲಿ ಬೇರು ಬಿಟ್ಟಿತು. ಆ ವೈದ್ಯದ ದೊಡ್ಡ ಗುರು ಇಬ್ನ್ ಸೀನಾ ತಮ್ಮ 'ಕಾನೂನ್' ಗ್ರಂಥದಲ್ಲಿ ಮರ್ದನವನ್ನು ಗಟ್ಟಿಯಾದದ್ದು, ಮೃದುವಾದದ್ದು, ಒರಟು ಬಟ್ಟೆಯಿಂದ ಮಾಡುವಂಥದ್ದು ಎಂದು ವಿಂಗಡಿಸಿ, ಯಾವುದರಿಂದ ಮೈ ಬಿಗಿಯುತ್ತದೆ, ಯಾವುದರಿಂದ ಸಡಿಲಾಗುತ್ತದೆ ಎಂದು ಬರೆದಿದ್ದಾರೆ. ಕಲಬುರಗಿಯ ಆಡುಮಾತಿನಲ್ಲಿ 'ತಿಕ್ಕೋದು', 'ನೀವೋದು' ಜೊತೆಗೆ 'ಮಾಲೀಶ್' ಕೂಡ ಇರುವುದು ಆ ನಂಟಿನಿಂದಲೇ.

ಈ ಗ್ರಂಥಗಳಲ್ಲಿ ತಿಕ್ಕಿಸಿಕೊಳ್ಳುವವರ ಬಗ್ಗೆ ಪುಟಗಟ್ಟಲೆ ಇದೆ. ತಿಕ್ಕುವ ಕೈ ಯಾರದ್ದು ಎಂದು ಕೇಳಿದರೆ ಸೇವಕನದ್ದು, ಮಲ್ಲನದ್ದು, ಪರಿಚಾರಕನದ್ದು. ಕೂಸಿಗೆ ಎರೆಯುವ ಹೆಂಗಸು ಕಾಣುವುದಿಲ್ಲ.

* * *

ಸುಟ್ಟ ಮಗುವಿಗೆ ಗಾಯ ಮಾಯ್ದ ಮೇಲೆ ನಿಜಕ್ಕೂ ಏನಾಗುತ್ತದೆ? ಇದಕ್ಕೆ ಸರಿಯಾದ ಉತ್ತರ ಸಿಗಲು 20ನೆಯ ಶತಮಾನ ಬರಬೇಕಾಯಿತು. ಕಷ್ಟ ಮಾತ್ರ ಎಲ್ಲ ಕಾಲದಲ್ಲೂ ಕಣ್ಣೆದುರೇ ಇತ್ತು. ಸುಟ್ಟಗಾಯಗಳ ಬಗ್ಗೆಯೇ ಒಂದು ಇಡೀ ಪುಸ್ತಕವನ್ನು 1607ರಲ್ಲಿ ಪ್ರಕಟಿಸಿದ ಜರ್ಮನಿಯ ಶಸ್ತ್ರವೈದ್ಯ ಫ್ಯಾಬ್ರಿಷಿಯಸ್ ಹಿಲ್ಡಾನಸ್, ಸುಟ್ಟು ಮುದುಡಿದ ಕೈಯನ್ನು ಮೆಲ್ಲನೆ ಬಿಡಿಸುವ ಒಂದು ಸಾಧನವನ್ನೂ ಅದರಲ್ಲಿ ತೋರಿಸಿದ.

ಚರ್ಮ ಆಳವಾಗಿ ಸುಟ್ಟಾಗ ಅದರೊಳಗಿನ ಎಣ್ಣೆಯ ಗ್ರಂಥಿಗಳೂ ಬೆವರಿನ ಗ್ರಂಥಿಗಳೂ ಹೋಗುತ್ತವೆ. ಮೇಲೆ ಮುಚ್ಚಿಕೊಂಡ ಹೊಸ ಚರ್ಮ ಒಣಗುತ್ತದೆ, ಒಡೆಯುತ್ತದೆ, ವಿಪರೀತ ತುರಿಸುತ್ತದೆ. ಒಳಗೆ ಕೊಲಾಜೆನ್ ಎಂಬ ನಾರು ಬೇಕಾದ್ದಕ್ಕಿಂತ ಹೆಚ್ಚು ಬೆಳೆದು ಗಂಟುಗಂಟಾಗಿ ಕೂರುತ್ತದೆ. ಹಾಗಾಗಿ ಕಲೆ ಕೆಂಪಾಗಿ ಉಬ್ಬಿ ಹಲಗೆಯಂತೆ ಗಟ್ಟಿಯಾಗುತ್ತದೆ. ಮಾಯುತ್ತಿರುವ ಗಾಯದಲ್ಲಿ ಸ್ನಾಯುವಿನಂತೆ ಕುಗ್ಗಬಲ್ಲ ಒಂದು ಬಗೆಯ ಜೀವಕೋಶಗಳಿವೆ ಎಂದು ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ತೋರಿಸಿಕೊಟ್ಟರು. ಇವು ಗಾಯದ ಅಂಚುಗಳನ್ನು ಎಳೆದು ಮುಚ್ಚುತ್ತವೆ. ಗಾಯ ಮುಚ್ಚಿದ ಮೇಲೂ ಎಳೆಯುತ್ತಲೇ ಇದ್ದರೆ ಕೀಲನ್ನೇ ಎಳೆದು ಮಡಚುತ್ತವೆ. ಕಲೆ ಮೆತ್ತಗಾಗಿ ತಣ್ಣಗಾಗಲು ಒಂದು ವರ್ಷ, ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷವೂ ಬೇಕು. ಮಕ್ಕಳಿಗೆ ಇನ್ನೊಂದು ಕಷ್ಟವಿದೆ: ಎಲುಬು ಬೆಳೆಯುತ್ತದೆ, ಕಲೆ ಅಷ್ಟೇ ವೇಗದಲ್ಲಿ ಬೆಳೆಯುವುದಿಲ್ಲ. 5ನೆಯ ವಯಸ್ಸಿನಲ್ಲಿ ಸರಿಯಾಗಿಯೇ ಇದ್ದ ಕೈ 10ಕ್ಕೆ ಬಿಗಿಯಬಹುದು.

ಮಕ್ಕಳ ಸುಟ್ಟಗಾಯಕ್ಕೆಂದೇ ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ 1960ರ ದಶಕದಲ್ಲಿ ಶ್ರೈನರ್ಸ್ ಸಂಸ್ಥೆ ಕಟ್ಟಿಸಿದ ಆಸ್ಪತ್ರೆಯಲ್ಲಿ ಲಾರ್ಸನ್ ಮತ್ತು ಸಂಗಡಿಗರು, ಕಲೆಯ ಮೇಲೆ ಸದಾ ಒತ್ತಡವಿದ್ದರೆ ಅದು ಕಡಿಮೆ ಉಬ್ಬುತ್ತದೆ ಎಂಬುದನ್ನು ಬಳಕೆಗೆ ತಂದರು. ದಿನಕ್ಕೆ 23 ತಾಸು ತೊಡುವ ಬಿಗಿಯಾದ ಬಟ್ಟೆ, ಕೀಲು ನೆಟ್ಟಗಿಡುವ ಪಟ್ಟಿ, ವ್ಯಾಯಾಮ, ಮಸಾಜ್ ಇವೆಲ್ಲ ಸೇರಿ ಸುಟ್ಟ ಮಕ್ಕಳ ಆರೈಕೆಯ ಕ್ರಮವಾಯಿತು. ಕಲಬುರಗಿಯ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ, ಬೆವರದ ಚರ್ಮದ ಮೇಲೆ ಅಂಥ ಬಟ್ಟೆ ತೊಟ್ಟು ಮಗು ಎಷ್ಟು ಹೊತ್ತು ಕೂತೀತು ಎಂದು ನೆನೆದರೇ ನನಗೆ ತುರಿಕೆ ಶುರುವಾಗುತ್ತದೆ.

ಮಸಾಜ್ ಆಸ್ಪತ್ರೆಯೊಳಗೆ ಬಂದ ಕಥೆ ಬೇರೆ. 1894ರಲ್ಲಿ ಲಂಡನ್ನಿನಲ್ಲಿ ಮಸಾಜ್ ಹೆಸರಿನಲ್ಲಿ ಬೇರೆ ದಂಧೆ ನಡೆಯುತ್ತಿದೆ ಎಂದು ದೊಡ್ಡ ಗುಲ್ಲೆದ್ದಿತು. ಆಗ ನಾಲ್ವರು ನರ್ಸುಗಳು ಸೇರಿ ತರಬೇತಿ ಪಡೆದ ಮಸಾಜುಗಾರ್ತಿಯರ ಸಂಘ ಕಟ್ಟಿಕೊಂಡರು. ಅದೇ ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿ ಸಂಘವಾಯಿತು. ನಮ್ಮ ದೇಶದ ಮೊದಲ ಫಿಸಿಯೋಥೆರಪಿ ಶಾಲೆ 1950ರ ದಶಕದ ಆರಂಭದಲ್ಲಿ, ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಅದೇ ಮುಂಬಯಿಯ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಎಂ.ಎಚ್. ಕೇಸ್ವಾನಿ, ಸುಟ್ಟ ಕೂಡಲೇ ಮೊದಲು ನೀರು ಸುರಿಯಿರಿ ಎಂದು ವರ್ಷಗಟ್ಟಲೆ ಪ್ರಚಾರ ಮಾಡಿದರು. ದುಬಾರಿ ಪಟ್ಟಿಯ ಬದಲು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಪಟ್ಟಿ ಮಾಡಿ ಗಾಯಕ್ಕೆ ಕಟ್ಟಿದರು. ನಮ್ಮ ಪಕ್ಕದ ಸೊಲ್ಲಾಪುರದಲ್ಲಿ, ಕನ್ನಡ ಮಾತಾಡುವವರೂ ಇರುವ ಆ ಗಡಿಯೂರಿನ ವೈದ್ಯಕೀಯ ಕಾಲೇಜಿನಲ್ಲಿ, ಡಾ. ಎಂ. ಸುಬ್ರಹ್ಮಣ್ಯಂ 104 ಜನರ ಸುಟ್ಟಗಾಯದ ಮೇಲೆ ಜೇನುತುಪ್ಪವನ್ನು ಪರೀಕ್ಷಿಸಿ 1991ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಪ್ರಕಟಿಸಿದರು.

ಮನೆಮದ್ದೂ ಪರೀಕ್ಷೆಗೆ ಒಳಗಾಗಿ ದಾಖಲೆಯಾಗಬಲ್ಲದು ಎಂಬುದಕ್ಕೆ ಇವೆರಡೂ ಉದಾಹರಣೆ. ಆದರೆ ಇವೆರಡೂ ಹಸಿ ಗಾಯಕ್ಕೆ ಸಂಬಂಧಿಸಿದವು. ಗಾಯ ಮುಚ್ಚಿದ ಕೂಡಲೇ ದಾಖಲೆಯೂ ಮುಚ್ಚುತ್ತದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಸಂಖ್ಯೆ ಇವತ್ತಿಗೂ ಎಲ್ಲ ಕಡೆ ಸಿಗುತ್ತದೆ. ಸುಟ್ಟು ಬದುಕಿದವರ ಕೈಕಾಲು ಆಮೇಲೆ ನೆಟ್ಟಗಾದವೋ ಇಲ್ಲವೋ ಎಂಬುದು ಅವರವರ ಮನೆಯ ಮಾತಾಗಿ ಉಳಿಯಿತು. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನಕ್ಕೆ ಸಾಧಾರಣದಿಂದ ತೀವ್ರ ಮಟ್ಟದ ಸುಟ್ಟಗಾಯಗಳಾಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಮನೆಗಳಲ್ಲಿ ಯಾರೋ ಒಬ್ಬರು ರಾತ್ರಿ ಎಣ್ಣೆ ಬಟ್ಟಲು ಹಿಡಿದು ಕೂರುತ್ತಾರೆ.

* * *

ನಮ್ಮ ಮನೆಯಲ್ಲಿ ಹಾಗೆ ಕೂತದ್ದು ಆಯಿ. ಓಣಿಯ ಕೂಸುಗಳಿಗೆಲ್ಲ ಎರೆದ ಕೈ ಅವಳದು. ದೀಪ ಹಚ್ಚಿದ ಮೇಲೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ನನ್ನನ್ನು ತೊಡೆ ಮೇಲೆ ಕೂರಿಸಿಕೊಂಡು, ಹೆಬ್ಬೆರಳಿನಿಂದ ಸಣ್ಣ ಸಣ್ಣ ಸುತ್ತು ಹಾಕುತ್ತ ತಿಕ್ಕುತ್ತಿದ್ದಳು. ತುರಿಕೆ ನಿಲ್ಲುತ್ತಿತ್ತು. ಅಲ್ಲೇ ನಿದ್ದೆ ಹೋಗುತ್ತಿದ್ದೆ. ಆಯಿ ತಿಕ್ಕಿದ್ದಕ್ಕೇ ಕಲೆ ಇಷ್ಟಾದರೂ ಇಳಿಯಿತು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ನಾನೂ ನಂಬಿದ್ದೆ.

ಆಮೇಲೆ ಸಂಶೋಧನೆಗಳನ್ನು ಓದಿದೆ. ಅರ್ಜೆಂಟೀನಾದ ಪಟಿನೊ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮಕ್ಕಳಿದ್ದರು. ಎಲ್ಲರೂ ಒತ್ತಡದ ಬಟ್ಟೆ ತೊಟ್ಟಿದ್ದರು. ಅರ್ಧದಷ್ಟು ಮಕ್ಕಳಿಗೆ ಅದರ ಜೊತೆಗೆ ಮೂರು ತಿಂಗಳು, ದಿನಕ್ಕೆ 10 ನಿಮಿಷ ಮಸಾಜ್. ಕೊನೆಯಲ್ಲಿ ಅಳೆದು ನೋಡಿದರೆ ಕಲೆಯ ಎತ್ತರದಲ್ಲಾಗಲಿ ಮೆತ್ತಗಿರುವುದರಲ್ಲಾಗಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕೆಲವು ಮಕ್ಕಳಿಗೆ ತುರಿಕೆ ಕಡಿಮೆಯಾಗಿತ್ತು. ಆ ಪುಟ ಓದಿದ ಸಂಜೆ ಗ್ರಂಥಾಲಯದಿಂದ ಬೇಗ ಎದ್ದು ಬಂದೆ.

ಅದೇ ಕೊನೆಯ ಮಾತೇನಲ್ಲ. ಕೊರಿಯಾದಲ್ಲಿ 146 ಜನರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಸಾಜಿನಿಂದ ನೋವು, ತುರಿಕೆ, ಕಲೆಯ ದಪ್ಪ ಎಲ್ಲವೂ ಇಳಿದಿದ್ದವು. ಮಯಾಮಿಯ ಟಿಫನಿ ಫೀಲ್ಡ್ ಅವರ ತಂಡ 2001ರಲ್ಲಿ ಪ್ರಕಟಿಸಿದ್ದು ಇನ್ನೊಂದು ಬಗೆಯದು. ಪಟ್ಟಿ ಬದಲಿಸುವ ಮೊದಲು ಪುಟ್ಟ ಮಕ್ಕಳ ಸುಡದೆ ಉಳಿದ ಮೈಗೆ ಮಸಾಜ್ ಮಾಡಿದರು. ಆ ಮಕ್ಕಳು ಪಟ್ಟಿ ಬಿಚ್ಚುವಾಗ ಉಳಿದವರಷ್ಟು ಅತ್ತು ಒದ್ದಾಡಲಿಲ್ಲ. ಒಟ್ಟಿನಲ್ಲಿ, ತಿಕ್ಕಿದರೆ ಕಲೆ ಮಾಯವಾಗುತ್ತದೆ ಎಂದು ವಿಜ್ಞಾನ ಹೇಳುವುದಿಲ್ಲ. ತುರಿಕೆ, ನೋವು, ಅಂಜಿಕೆ ಇಳಿಯಬಹುದು, ಬಿಗಿ ಸಡಿಲಾಗಲು ನೆರವಾಗಬಹುದು ಎನ್ನುತ್ತದೆ.

ನನ್ನ ಕೈಯ ವಿಷಯ ಇನ್ನೊಂದಿದೆ. 12ನೆಯ ವಯಸ್ಸಿನಲ್ಲಿ ಕಲಬುರಗಿಯಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಕೈ ನೋಡಿದರು. ಹೆಬ್ಬೆರಳು ಒತ್ತಿದಾಗ ಕಲೆಯ ಕೆಂಪು ಮಾಸಿ ಬಿಳಿಚಬೇಕು, ಹಾಗೆ ಒತ್ತಿ ತಿಕ್ಕಬೇಕು, ದಿನಕ್ಕೆ ಎರಡು ಮೂರು ಸಲ, ಬಿಸಿಲಿಗೆ ಒಡ್ಡಬಾರದು ಎಂದೆಲ್ಲ ಹೇಳಿದರು. ಆಮೇಲೆ ಅವ್ವನನ್ನು ಕೇಳಿದರು: "ಮಾಲೀಶ್ ಮಾಡೋವಾಗ ಕೈ ಹ್ಯಾಂಗ ಹಿಡೀತಿದ್ರಿ?" ಅವ್ವ ತೋರಿಸಿದಳು: ಮೊಣಕೈ ಮಡಚಿ, ತೊಡೆ ಮೇಲೆ. ಮೇಡಂ ಸುಮ್ಮನಾದರು. ಸುಟ್ಟಗಾಯದ ಆರೈಕೆ ಕಲಿಯುವವರಿಗೆ ಮೊದಲು ಹೇಳಿಕೊಡುವ ಪಾಠ ಅದು: ಮಗುವಿಗೆ ಯಾವ ಭಂಗಿ ಹಾಯೆನಿಸುತ್ತದೋ ಕೀಲು ಅದೇ ಭಂಗಿಯಲ್ಲಿ ಸೆಟೆಯುತ್ತದೆ. ತಿಕ್ಕುವಾಗಲೂ ಮಲಗುವಾಗಲೂ ಕೈ ಚಾಚಿಯೇ ಇಡಬೇಕಿತ್ತು. ರಾತ್ರಿ ಪಟ್ಟಿ ಕಟ್ಟಬೇಕಿತ್ತು. ಎರಡು ವರ್ಷ ಆಯಿ ತಿಕ್ಕಿದ್ದು ಕಲೆಯನ್ನು. "ಹೆಣ್ ಹುಡುಗಿ, ಕಲಿ ಉಳಿದ್ರ ನಾಳಿ ಯಾರ್ ಕೇಳ್ತಾರ" ಎಂಬ ಚಿಂತೆ ಮನೆ ತುಂಬ ಇತ್ತು. ಕೀಲಿನ ಬಗ್ಗೆ ಯಾರಿಗೂ ಹೊಳೆಯಲಿಲ್ಲ. ಬೀಳ್ಕೊಡುವಾಗ ದವಾಖಾನೆಯಲ್ಲಿ ಯಾರಾದರೂ ಎರಡು ನಿಮಿಷ ಹೇಳಿದ್ದರೆ, ಅದೇ ಎಣ್ಣೆ, ಅದೇ ಹೆಬ್ಬೆರಳು ಚಾಚಿದ ಕೈಯ ಮೇಲೆ ಓಡಾಡುತ್ತಿದ್ದವು.

ಇದನ್ನು ಆಯಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಒದ್ದಾಡಿದೆ. ಅಧ್ಯಾಯ ಬರೆಯುವುದಾದರೆ ಅವಳನ್ನು ಕೇಳದೆ ಬರೆಯುವಂತಿಲ್ಲ. ಹೋದ ಎಳ್ಳಮಾವಾಸ್ಯೆಗೆ ಊರಿಗೆ ಹೋದಾಗ ಕೇಳಿದೆ, ಕೈ ಮಡಚಿ ಯಾಕೆ ಹಿಡಿಯುತ್ತಿದ್ದೆ ಎಂದು. ಅವಳು ಯೋಚನೆ ಮಾಡಲೂ ಇಲ್ಲ. "ಚಾಚಿದ್ರ ನೀ ಅಳ್ತಿದ್ದಿ. ಅಳಬಾರ್ದಂತ ಮಡಚಿ ಹಿಡೀತಿದ್ದೆ" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ತಪ್ಪಾಗಿತ್ತೇನು?" ಅಂದಳು. ನಾನು ಹೌದು ಅಂದೆ. ಅವಳು ನನ್ನ ಕೈ ತಗೊಂಡು ಮೊಣಕೈ ಹತ್ತಿರ ಒತ್ತಿ ನೋಡಿದಳು. ಏನೂ ಅನ್ನಲಿಲ್ಲ.

ದಾಖಲೆ ಏನದ ಎಂದು ಕೇಳಿದವರಿಗೆ ಈಗ ಉತ್ತರ ಕೊಡಬಲ್ಲೆ. ಆಯಿಯಂಥವರ ಕೈಗೆ ಗೊತ್ತಿದ್ದದ್ದು, ಗೊತ್ತಿಲ್ಲದ್ದು ಎರಡೂ ನನ್ನ ಮೊಣಕೈಯಲ್ಲಿ ಉಳಿದಿವೆ. ಮೆತ್ತಗಾದ ಚರ್ಮ ಒಂದನ್ನು ಹೇಳುತ್ತದೆ, ಬಾಗಿದ ಕೀಲು ಇನ್ನೊಂದನ್ನು. ಎರಡನ್ನೂ ಬರೆಯುತ್ತೇನೆ. ಅಜ್ಜಿಯರ ಜ್ಞಾನ ಎಂದು ಹೊಗಳಿ ಬರೆದರೆ ಬಾಗಿದ ಕೀಲು ಬಿಟ್ಟುಹೋಗುತ್ತದೆ. ಮೌಢ್ಯ ಎಂದು ಬರೆದರೆ ತುರಿಕೆ ನಿಂತು ನಿದ್ದೆ ಬಂದ ರಾತ್ರಿಗಳು ಬಿಟ್ಟುಹೋಗುತ್ತವೆ.

ಅದೇ ಸಲ ಊರಿನಲ್ಲಿ ಪಕ್ಕದ ಮನೆಯ ಸೊಸೆ ಮೂರು ವರ್ಷದ ಮಗನನ್ನು ಕರೆತಂದಳು. ಚಹಾ ಬಿದ್ದು ಮೊಣಕೈ ಮಡಿಕೆಯಲ್ಲಿ ಸುಟ್ಟು ನಾಲ್ಕು ತಿಂಗಳಾಗಿತ್ತು. ಗಾಯ ಪೂರ್ತಿ ಮುಚ್ಚಿ ಕಲೆ ಕೆಂಪಾಗಿ ಎದ್ದಿತ್ತು. ಕೈ ಚಾಚಿ ಹಿಡಿದು, ಎಷ್ಟು ಒತ್ತಬೇಕೆಂದು ನಾನು ತೋರಿಸಿದೆ. ಚರ್ಮ ಒಡೆದರೆ, ಗುಳ್ಳೆ ಎದ್ದರೆ ನಿಲ್ಲಿಸು, ಏನೇ ಆದರೂ ಒಮ್ಮೆ ಕಲಬುರಗಿಗೆ ಹೋಗಿ ಫಿಸಿಯೋಥೆರಪಿಯವರಿಗೆ ತೋರಿಸು ಅಂದೆ. ಕೈ ಚಾಚಿದ ಕೂಡಲೇ ಹುಡುಗ ಅಳಲು ಶುರುಮಾಡಿದ. ನನ್ನ ಹಿಡಿತ ತಾನಾಗಿಯೇ ಸಡಿಲಾಯಿತು.

ಹಿಂದೆ ಕೂತಿದ್ದ ಆಯಿ ಹತ್ತಿರ ಸರಿದಳು. ಅವಳ ಬೆರಳು ಈಗ ನಡುಗುತ್ತವೆ, ತಿಕ್ಕಲು ಆಗುವುದಿಲ್ಲ. ಹುಡುಗನ ಇನ್ನೊಂದು ಕೈಯ ಅಂಗೈ ನೀವುತ್ತ ಅವನಿಗೆ ಹಬ್ಬದ ಊಟದ ಮಾತು ತೆಗೆದಳು. ಆಮೇಲೆ ನನ್ನ ಕಡೆ ನೋಡದೆ ಅಂದಳು: "ಮಾತಾಡ್ಕೋತ ತಿಕ್ಕು. ಕೈ ಬಿಡಬ್ಯಾಡ, ಚಾಚೇ ಹಿಡಿ."